ಕೊಂಬೆ ಇಳಿಸುವ ಹಗ್ಗದ ಸೆಟ್ಟು: ಹಿಡಿತವನ್ನು ಮರದ ಮೇಲಿನಿಂದ ಬುಡಕ್ಕೆ ತರುವುದು ಹೇಗೆ

ಹೊಸ ರಾಟೆ ಹಾಕಿದ ಮೊದಲ ದಿನವೇ ನನ್ನ ಎಡ ಅಂಗೈ ಸುಟ್ಟಿತು. ಮನೆ ಹಿಂದಿನ ಸಿಲ್ವರ್ ಓಕ್ ಮರ. ಕೊಂಬೆ ಹೆಚ್ಚೆಂದರೆ 80 ಕೆಜಿ. ಅದಕ್ಕಿಂತ ದಪ್ಪದವನ್ನು ಅದೇ ಹಗ್ಗದಲ್ಲಿ ಎಷ್ಟೋ ವರ್ಷದಿಂದ ಇಳಿಸಿದ್ದೆವು. ಹಗ್ಗವನ್ನು ಮೇಲಿನ ಕವಲಿನಲ್ಲಿ ಹಾಯಿಸಿ, ಪಕ್ಕದ ಮರದ ಬುಡಕ್ಕೆ ಒಂದು ಸುತ್ತು ಹಾಕಿ, ಒಬ್ಬ ಹಿಡಿದು ನಿಂತರೆ ಆಯ್ತು. ಆವತ್ತು ಕವಲಿನ ಬದಲು ಒಳ್ಳೆ ರಾಟೆ, ಪಕ್ಕದ ಮರದ ಬದಲು ಹೊಸದಾಗಿ ತರಿಸಿದ ಲೋಹದ ಡ್ರಮ್, ಅಂದರೆ ಹಗ್ಗ ಸುತ್ತಲು ಮರದ ಬುಡಕ್ಕೆ ಕಟ್ಟುವ ದಪ್ಪ ಕೊಳವೆ. ಸುತ್ತು ಮಾತ್ರ ಹಳೇ ಅಭ್ಯಾಸದಂತೆ ಒಂದೇ. ಗರಗಸ ನಿಂತಿತು, ಕೊಂಬೆ ಕಳಚಿತು, ಹಗ್ಗ ಕೈಯಲ್ಲಿ ಸುಯ್ ಎಂದು ಓಡಿತು. ಕೊಂಬೆ ಹೋಗಿ ಬಚ್ಚಲುಮನೆಯ ನಾಲ್ಕು ಹೆಂಚು ಒಡೆಯಿತು. ಪುಣ್ಯಕ್ಕೆ ಅಷ್ಟೇ.

ಸಾಮಾನು ಚೆನ್ನಾಗಿಯೇ ಇತ್ತು. ತಪ್ಪು ನನ್ನ ಲೆಕ್ಕದಲ್ಲಿತ್ತು. ಹಳೇ ಪದ್ಧತಿಯಲ್ಲಿ ಆ ಕವಲು ಪುಕ್ಕಟೆಯಾಗಿ ಎಷ್ಟು ಭಾರ ಹೊರುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಕಾಫಿ ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವವರು, ಮನೆ ಮೇಲೆ ಬಾಗಿದ ಮರ ತೆಗೆಯುವವರು ಈಗೀಗ ಇಂಥ ಡ್ರಮ್ ತರಿಸುತ್ತಿದ್ದಾರೆ. ಹಳೆ ಸೆಟ್ಟನ್ನು ಹೊಸದಕ್ಕೆ ಬದಲಿಸುವಾಗ ಏನೇನು ಮಾಡಬೇಕು, ಏನನ್ನು ಮುಟ್ಟಲೇಬಾರದು ಅಂತ ಒಂದು ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ. ಇದು ಕೊಂಬೆ ಇಳಿಸುವ ಸೆಟ್ಟು, ಮನುಷ್ಯರನ್ನು ಇಳಿಸುವುದಲ್ಲ. ಮರ ಹತ್ತುವವನ ಬೆಲ್ಟು, ಹಗ್ಗ ಬೇರೆಯೇ ಇರಬೇಕು. ಕರೆಂಟ್ ತಂತಿಯ ಹತ್ತಿರ ಇರುವ ಮರಕ್ಕೆ ಲೈನ್ ಆಫ್ ಮಾಡಿಸದೆ ಕೈ ಹಾಕಬೇಡಿ. ಗೆದ್ದಲು ತಿಂದ ಮರಕ್ಕೆ, ಒಣಗಿ ನಿಂತ ಮರಕ್ಕೆ ಏನನ್ನೂ ನೇತು ಹಾಕಬೇಡಿ. ಇನ್ನು ಅನುಮತಿ. ಸಿಲ್ವರ್ ಓಕಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೀಟೆ, ಮತ್ತಿ, ನಂದಿಯಂಥವಕ್ಕೆ ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಕವಲು ಏನು ಮಾಡುತ್ತಿತ್ತು?

ಹಟ ಮಾಡುವ ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಹುಡುಗನೂ ಹಿಡಿದು ನಿಲ್ಲಬಹುದು. ಡ್ರಮ್ ಕೆಲಸ ಮಾಡುವುದೂ ಹಾಗೆಯೇ. ಹಗ್ಗ ಮತ್ತು ಗೂಟದ ನಡುವಿನ ಉಜ್ಜುವಿಕೆ ಭಾರವನ್ನು ನುಂಗುತ್ತದೆ. ಇದರಲ್ಲಿ ಒಂದು ಗಮ್ಮತ್ತಿದೆ. ಒಂದು ಸುತ್ತು ಭಾರವನ್ನು ಮೂರೂವರೆ ಪಟ್ಟು ಇಳಿಸಿದರೆ, ಎರಡು ಸುತ್ತು ಏಳು ಪಟ್ಟು ಇಳಿಸುವುದಿಲ್ಲ, ಹನ್ನೆರಡು ಪಟ್ಟು ಇಳಿಸುತ್ತದೆ. ಪ್ರತಿ ಸುತ್ತೂ ಹಿಂದಿನದನ್ನು ಗುಣಿಸುತ್ತಾ ಹೋಗುತ್ತದೆ.

ಒಣ ಹಗ್ಗ, ನುಣುಪು ಲೋಹ ಅಂತ ಇಟ್ಟುಕೊಂಡರೆ ಅಂದಾಜು ಹೀಗೆ. 100 ಕೆಜಿ ಕೊಂಬೆಗೆ ಒಂದು ಸುತ್ತಿನಲ್ಲಿ ಕೈಗೆ ಬರುವುದು ಸುಮಾರು 28 ಕೆಜಿ. ಎರಡು ಸುತ್ತಿನಲ್ಲಿ 8 ಕೆಜಿ. ಮೂರರಲ್ಲಿ 2 ಕೆಜಿ ಚಿಲ್ಲರೆ. ಅದೇ ಡ್ರಮ್ ಉಜ್ಜಿ ಉಜ್ಜಿ ಕನ್ನಡಿಯಂತಾಗಿ, ಹಗ್ಗವೂ ಒದ್ದೆಯಾಗಿ ಹಿಡಿತ ಅರ್ಧಕ್ಕಿಳಿದರೆ? ಒಂದು ಸುತ್ತಿಗೆ 53, ಎರಡಕ್ಕೆ 28, ಮೂರಕ್ಕೆ 15 ಕೆಜಿ. ಬೆಳಿಗ್ಗೆ ಎರಡು ಸುತ್ತಿನಲ್ಲಿ ಆರಾಮಾಗಿ ಇಳಿಸಿದವನು ಮಧ್ಯಾಹ್ನ ಒಂದು ಮಳೆ ಬಂದ ಮೇಲೆ ಅದೇ ಎರಡು ಸುತ್ತಿನಲ್ಲಿ ಒದ್ದಾಡುವುದು ಇದಕ್ಕೇ.

ಈಗ ಹಳೇ ಪದ್ಧತಿ ನೋಡಿ. ಒರಟು ತೊಗಟೆಯ ಕವಲಿನ ಮೇಲೆ ಹಗ್ಗ ಅರ್ಧ ಸುತ್ತು ತಿರುಗಿದರೂ ಭಾರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲಿಂದ ಪಕ್ಕದ ಮರದ ಒರಟು ಬುಡಕ್ಕೆ ಒಂದು ಪೂರಾ ಸುತ್ತು. ಕೊನೆಗೆ ಕೈಗೆ ಬರುವುದು ಎರಡೋ ಮೂರೋ ಕೆಜಿ. ಎರಡು ಬೆರಳು ಸಾಕು. ರಾಟೆ ಹಾಕಿದ ಕೂಡಲೇ ಮೇಲಿನ ಹಿಡಿತ ಹೋಯಿತು. ಲೋಹದ ಡ್ರಮ್ ಹಾಕಿದ ಕೂಡಲೇ ಕೆಳಗಿನ ಒರಟೂ ಹೋಯಿತು. ಒಂದೇ ಸುತ್ತಿಗೆ ಕೈಗೆ ಹತ್ತು ಪಟ್ಟು ಭಾರ. ಅದಕ್ಕೇ ನನ್ನ ಅಂಗೈ ಸುಟ್ಟದ್ದು.

ಹಾಗಾದರೆ ಕವಲೇ ವಾಸಿ ಅಲ್ವಾ ಅಂತ ಕೇಳಬಹುದು. ಅಲ್ಲ. ಕವಲಿನ ಹಿಡಿತ ನಮ್ಮ ಮಾತು ಕೇಳುವುದಿಲ್ಲ. ಒಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ, ಒಮ್ಮೆ ತೊಗಟೆ ಸುಲಿದು ಜಾರುತ್ತದೆ. ಹಾವಸೆ ಹಿಡಿದ ಮರವಾದರೆ ಕೇಳುವುದೇ ಬೇಡ. ಹಗ್ಗವನ್ನಂತೂ ತಿಂದು ಹಾಕುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೊಂಬೆ ಜಗ್ಗಿದಾಗ ಹಗ್ಗ ಸ್ವಲ್ಪ ಹಿಗ್ಗಿ ಏಟನ್ನು ಕುಡಿಯಬೇಕು. ಕವಲು ಬಿಗಿ ಹಿಡಿದರೆ ಹಿಗ್ಗುವುದು ಕವಲಿನಿಂದ ಕೊಂಬೆವರೆಗಿನ ಗೇಣುದ್ದ ಹಗ್ಗ ಮಾತ್ರ. ರಾಟೆ ಇದ್ದರೆ ಬುಡದವರೆಗಿನ 15 ಮೀಟರ್ ಹಗ್ಗವೂ ಹಿಗ್ಗುತ್ತದೆ.

ಹಗ್ಗ

ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗವನ್ನು ಮೊದಲು ಪಕ್ಕಕ್ಕಿಡಿ. ಟಾರ್ಪಾಲು ಕಟ್ಟಲು ಒಳ್ಳೆಯದು, ಡ್ರಮ್ಮಿಗೆ ಆಗದು. ಅದು ಪಾಲಿಪ್ರೊಪಿಲಿನ್, ಸುಮಾರು 165 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಎಷ್ಟೋ ಮುಂಚೆಯೇ ಮೆತ್ತಗಾಗುತ್ತದೆ. ಬಿಸಿಲಿಗೂ ಪುಡಿಯಾಗುತ್ತದೆ. 100 ಕೆಜಿಯನ್ನು 15 ಮೀಟರ್ ಇಳಿಸಿದರೆ ಹುಟ್ಟುವ ಶಾಖವೆಲ್ಲ ಡ್ರಮ್ಮಿಗೇ ಹೋದರೆ, 2 ಕೆಜಿಯ ಅಲ್ಯೂಮಿನಿಯಂ ಡ್ರಮ್ 8 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಒಂದು ಕೊಂಬೆಗೆ ಏನೂ ಅನ್ನಿಸುವುದಿಲ್ಲ. ಬಿಡುವಿಲ್ಲದೆ ಹತ್ತು ಕೊಂಬೆ ಇಳಿಸಿ ಡ್ರಮ್ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಹಗ್ಗ ತಾಗುವ ಮೈಯಂತೂ ಇನ್ನೂ ಬಿಸಿ.

ಬೇಕಾದದ್ದು ಪಾಲಿಯೆಸ್ಟರ್ ಹೆಣೆದ ಹಗ್ಗ, 12ರಿಂದ 14 ಮಿಲಿಮೀಟರ್. ಕರಗಲು 250 ಡಿಗ್ರಿ ದಾಟಬೇಕು. ನೈಲಾನ್ ಜಾಸ್ತಿ ಹಿಗ್ಗುತ್ತದೆ, ಕೊಂಬೆ ಯೋ-ಯೋ ಆಡುತ್ತದೆ. ತುಂಬಾ ಗಟ್ಟಿ ಅಂತ ಮಾರುವ ಡೈನೀಮಾ ಹಗ್ಗ ಇದಕ್ಕೆ ಬೇಡ. ಅದು ಜಾರುತ್ತದೆ, ಹಿಗ್ಗುವುದಿಲ್ಲ, ಕರಗುವುದು ಪ್ಲಾಸ್ಟಿಕ್ ಹಗ್ಗಕ್ಕಿಂತ ಬೇಗ.

ಹಗ್ಗದ ಲೇಬಲ್ ಮೇಲಿರುವುದು ಅದು ಹರಿಯುವ ಭಾರ. ಗಂಟು ಹಾಕಿದ ಕಡೆ ಬಲ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಕಡಿಮೆಯಾಗುತ್ತದೆ. ಆದ್ದರಿಂದ ಲೇಬಲ್ಲಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ನಾನು ಕಟ್ಟುವುದಿಲ್ಲ. 3,500 ಕೆಜಿ ಅಂತ ಇದ್ದರೆ ನನಗೆ ಅದು 350 ಕೆಜಿ ಹಗ್ಗ. ಉದ್ದಕ್ಕೆ ಲೆಕ್ಕ ಸುಲಭ. ರಾಟೆಯ ಎತ್ತರದ ಎರಡರಷ್ಟು, ಮೇಲೆ 10 ಮೀಟರ್. ರಾಟೆ 15 ಮೀಟರಿನಲ್ಲಿದ್ದರೆ 40 ಮೀಟರ್. ಹಗ್ಗದ ತುದಿಗೆ ಒಂದು ಗಂಟು ಹಾಕಿಡಿ.

ಭಾರದ ಅಂದಾಜು ಕಣ್ಣಳತೆಯಲ್ಲಿ ಮಾಡಬೇಡಿ, ಕಣ್ಣು ಯಾವಾಗಲೂ ಕಡಿಮೆ ಹೇಳುತ್ತದೆ. ಹಸಿ ಮರ ನೀರಿನಷ್ಟೇ ಭಾರ ಅಂತ ಇಟ್ಟುಕೊಳ್ಳಿ. 30 ಸೆಂಟಿಮೀಟರ್ ಅಡ್ಡಳತೆಯ ದಿಮ್ಮಿ ಮೀಟರಿಗೆ 70 ಕೆಜಿ. 40 ಸೆಂಟಿಮೀಟರಿನದು 125. 60 ಸೆಂಟಿಮೀಟರಿನದು 280. ದಪ್ಪ ದುಪ್ಪಟ್ಟಾದರೆ ಭಾರ ನಾಲ್ಕು ಪಟ್ಟು, ಇದನ್ನು ಮರೆಯುವವರೇ ಜಾಸ್ತಿ. ಮತ್ತಿಯಂಥ ಗಟ್ಟಿ ಮರಕ್ಕೆ ಮೇಲೆ ಹತ್ತು ಪರ್ಸೆಂಟ್ ಸೇರಿಸುತ್ತೇನೆ. ಸೊಪ್ಪಿನ ಭಾರ ಬೇರೆ.

ಮೇಲೆ: ರಾಟೆ ಮತ್ತು ಪಟ್ಟಿ

ಬಾವಿ ರಾಟೆ ತಂದು ಕಟ್ಟಿದವರನ್ನು ನೋಡಿದ್ದೇನೆ. ಅದು ಎರಕದ ಕಬ್ಬಿಣ, ಏಟಿಗೆ ಸೀಳುತ್ತದೆ. ಕೊಕ್ಕೆ ಬಾಯಿ ತೆರೆದಿರುತ್ತದೆ. ಎರಡೂ ಬದಿ ಮುಚ್ಚಿಲ್ಲದ ಕಾರಣ ಹಗ್ಗ ಗಾಲಿ ಬಿಟ್ಟು ಪಕ್ಕಕ್ಕೆ ಹಾರುತ್ತದೆ. ಬದಿ ತಗಡು ಇರುವ, ಭಾರದ ಮಿತಿ ಕೆತ್ತಿರುವ ರಾಟೆಯೇ ಬೇಕು. ಗಾಲಿಯ ಅಡ್ಡಳತೆ ಹಗ್ಗದ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ಇರಬಾರದು.

ಇಲ್ಲಿಯೇ ಎರಡನೇ ಲೆಕ್ಕ. ರಾಟೆಯ ಒಂದು ಕಡೆ ಕೊಂಬೆ 100 ಕೆಜಿ ಜಗ್ಗುತ್ತದೆ. ಇನ್ನೊಂದು ಕಡೆ ಅದನ್ನು ತಡೆಯಲು ಡ್ರಮ್ಮೂ ಹತ್ತಿರ ಹತ್ತಿರ 100 ಕೆಜಿ ಜಗ್ಗುತ್ತದೆ. ಮರದ ತಲೆಗೆ ಬೀಳುವುದು 200 ಕೆಜಿ. ಕವಲಿನಲ್ಲಿ ಇದು 130ರ ಆಸುಪಾಸು ಇತ್ತು. ಅಂದರೆ ರಾಟೆ ಹಾಕಿದ ಮೇಲೆ ಮರದ ಮೇಲಿನ ಹೊರೆ ಹೆಚ್ಚುತ್ತದೆ. ಹಿಂದೆ ತಡೆದ ಕೊಂಬೆ ಈಗಲೂ ತಡೆಯುತ್ತದೆ ಅನ್ನುವ ಧೈರ್ಯ ಬೇಡ. ಸಿಲ್ವರ್ ಓಕ್ ಹೇಳಿಕೇಳಿ ಪೆಡಸು ಮರ. ರಾಟೆಯನ್ನು ಪಕ್ಕದ ಕೊಂಬೆಗೆ ಕಟ್ಟುವ ಬದಲು ಬೊಡ್ಡೆಗೇ, ಕವಲಿನ ಮೇಲ್ಗಡೆ ಬರುವಂತೆ ಕಟ್ಟಿ. ರಾಟೆ ಮತ್ತು ಅದನ್ನು ಕಟ್ಟುವ ಪಟ್ಟಿ ಹಗ್ಗದ ಎರಡರಷ್ಟು ಭಾರ ತಡೆಯುವಂಥವಾಗಿರಲಿ.

ಬೊಡ್ಡೆಯನ್ನೇ ಮೇಲಿನಿಂದ ತುಂಡು ತುಂಡಾಗಿ ಕೊಯ್ದು ಇಳಿಸುವ ಕೆಲಸಕ್ಕೆ ಈ ಸೆಟ್ಟು ಬಳಸಬೇಡಿ. ಅಲ್ಲಿ ರಾಟೆ ತುಂಡಿನ ಕೆಳಗಿರುತ್ತದೆ, ತುಂಡು ಮೊದಲು ಬೀಳುತ್ತದೆ, ಆಮೇಲೆ ಹಗ್ಗ ತಡೆಯುತ್ತದೆ. 100 ಕೆಜಿ ತುಂಡು 1 ಮೀಟರ್ ಬಿದ್ದು ಕಾಲು ಮೀಟರಿನಲ್ಲಿ ನಿಂತರೆ ಹಗ್ಗಕ್ಕೆ ಸರಾಸರಿ 500 ಕೆಜಿ, ರಾಟೆಯ ಪಟ್ಟಿಗೆ ಒಂದು ಟನ್. ಇದನ್ನು ಕಲಿತವರ ಜೊತೆ ನಿಂತು ಕಲಿಯಬೇಕು, ಓದಿ ಆಗುವುದಲ್ಲ.

ಕೆಳಗೆ: ಡ್ರಮ್ ಕೂರಿಸುವುದು

ಡ್ರಮ್ಮಿನಲ್ಲಿ ಎರಡು ಬಗೆ. ಪೋರ್ಟಾರ‍್ಯಾಪ್ ತರಹದ್ದು ಒಂದು ಪಟ್ಟಿಯಿಂದ ಬುಡಕ್ಕೆ ಕಟ್ಟುವಂಥದ್ದು, ಒಬ್ಬನೇ ಹೊತ್ತೊಯ್ಯಬಹುದು. ಇನ್ನೊಂದು, ತಗಡಿನ ಕಾಲುಗಳಿರುವ ದೊಡ್ಡದು. ಅದನ್ನು ರ‍್ಯಾಚೆಟ್ ಬೆಲ್ಟಿನಿಂದ ಮರಕ್ಕೆ ಬಿಗಿಯುತ್ತಾರೆ, ಕೆಲವಕ್ಕೆ ಹಗ್ಗ ಎಳೆಯುವ ವಿಂಚೂ ಇರುತ್ತದೆ. ತೋಟದ ಕೆಲಸಕ್ಕೆ ಮೊದಲನೆಯದು ಸಾಕು. ನಾನು ಬದಲಾವಣೆ ಮಾಡಿಕೊಂಡದ್ದೂ ಅದಕ್ಕೇ.

ಮೊದಲ ಬದಲಾವಣೆ ಪಟ್ಟಿ ಕಟ್ಟುವ ಜಾಗದ್ದು. ಹಗ್ಗ ಮೇಲಕ್ಕೆ ಎಳೆಯುತ್ತದೆ, ಕೆಳಕ್ಕಲ್ಲ. ಬುಡ ನೆಲದ ಹತ್ತಿರ ಅಗಲ, ಮೇಲೆ ಹೋದಂತೆ ಸಪೂರ. ಬೇರು ಅಗಲವಾದ ಕಡೆ ಪಟ್ಟಿ ಕಟ್ಟಿದರೆ ಎಳೆತಕ್ಕೆ ಅದು ಮೇಲೆ ಸರಿದು, ಸಪೂರ ಜಾಗಕ್ಕೆ ಬಂದು ಸಡಿಲವಾಗುತ್ತದೆ. ಬಿಗಿ ಅಂದುಕೊಂಡದ್ದು ಒಂದು ಗೇಣು ಮೇಲೆ ಹೋಗಿ ಜೋಲು ಬೀಳುತ್ತದೆ. ಹಾಗಾಗಿ ಬೇರಿನ ಅಗಲ ಮುಗಿದು ಬೊಡ್ಡೆ ನೆಟ್ಟಗಾಗುವ ಕಡೆ, ಮೊಣಕಾಲು ಮತ್ತು ಸೊಂಟದ ನಡುವಿನ ಎತ್ತರದಲ್ಲಿ ಕಟ್ಟಿ. ಕಟ್ಟುವುದೂ ಜೀರುಗುಣಿಕೆಯ ಜಾತಿಯದೇ ಆಗಿರಬೇಕು, ಎಳೆದಷ್ಟೂ ಬಿಗಿಯಬೇಕು. ನೀಲಗಿರಿಯಂಥ ನುಣುಪು ಬೊಡ್ಡೆಗೆ ಇನ್ನೊಂದು ಸುತ್ತು ಹೆಚ್ಚು ಹಾಕಿ.

ಎರಡನೆಯದು ನನಗೆ ತುಂಬಾ ಉಪಯೋಗಕ್ಕೆ ಬಂದದ್ದು, ಖರ್ಚು ಮಾತ್ರ ಏನೂ ಇಲ್ಲ. ಭಾರ ಇಲ್ಲದಾಗ ಡ್ರಮ್ ಪಟ್ಟಿಯಿಂದ ಕೆಳಕ್ಕೆ ಜೋತು ಬಿದ್ದಿರುತ್ತದೆ. ಕೊಂಬೆ ಕಳಚಿದ ಕ್ಷಣ ಅದು ರಪ್ಪನೆ ಮೇಲಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಎರಡು ಅಡಿ ಹಗ್ಗ ಸಡಿಲವಾಗಿ, ಕೊಂಬೆ ಅಷ್ಟು ಬಿದ್ದು, ಏಟು ಇಮ್ಮಡಿಯಾಗುತ್ತದೆ. ಪಕ್ಕದಲ್ಲಿ ಕೈ ಇದ್ದರೆ ಬೆರಳು ಹೋಗುತ್ತದೆ. ಇದಕ್ಕೆ ನಾನು ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬೊಡ್ಡೆಗೆ ಮೂರಡಿ ಮೇಲೆ ಕಟ್ಟಿ, ಡ್ರಮ್ಮಿನ ಮೇಲ್ತುದಿಯನ್ನು ಅದಕ್ಕೆ ತೂಗು ಹಾಕುತ್ತೇನೆ. ಡ್ರಮ್ ಮೊದಲೇ ಮೇಲ್ಮುಖವಾಗಿ ನಿಂತಿರುತ್ತದೆ. ಟ್ಯೂಬ್ ಹರಿದರೂ ಏನೂ ಆಗುವುದಿಲ್ಲ, ಯಾಕಂದರೆ ಭಾರ ಅದರ ಮೇಲಿಲ್ಲ. ಅಲ್ಲಿ ಗಟ್ಟಿ ಹಗ್ಗ, ತಂತಿ ಕಟ್ಟಬೇಡಿ. ಕಟ್ಟಿದರೆ ಭಾರದ ದಾರಿ ಬದಲಾಗುತ್ತದೆ.

ಮೂರನೆಯದು ಹಗ್ಗ ಬರುವ ದಾರಿ. ಮೇಲಿಂದ ಬಂದ ಹಗ್ಗ ಡ್ರಮ್ಮಿಗೆ ನೆಟ್ಟಗೆ ಬರಬೇಕು. ಓರೆಯಾಗಿ ಬಂದರೆ ಒಂದು ಸುತ್ತಿನ ಮೇಲೆ ಇನ್ನೊಂದು ಏರಿ ಕಚ್ಚಿಕೊಳ್ಳುತ್ತದೆ, ಕೊಂಬೆ ನಡು ಆಕಾಶದಲ್ಲಿ ನಿಲ್ಲುತ್ತದೆ. ಆಗ ಬಿಡಿಸಲು ಯಾವ ದಾರಿಯೂ ಇರುವುದಿಲ್ಲ. ಡ್ರಮ್ಮನ್ನು ರಾಟೆಯ ನೇರ ಕೆಳಗೆ ಬರುವಂತೆ ಬೊಡ್ಡೆಯ ಸುತ್ತ ತಿರುಗಿಸಿ ಕೂರಿಸಿ.

ಆದರೆ ರಾಟೆಯ ಕೆಳಗೇ ಕೊಂಬೆಯೂ ಬೀಳುವಂತಿದ್ದರೆ ಹಗ್ಗ ಹಿಡಿಯುವವನು ಎಲ್ಲಿ ನಿಲ್ಲಬೇಕು? ಆಗ ಡ್ರಮ್ಮನ್ನು ಪಕ್ಕದ ಗಟ್ಟಿ ಮರಕ್ಕೆ ಸಾಗಿಸಿ. ಹಗ್ಗವನ್ನು ಮರದ ತಲೆಯಿಂದ ಓರೆಯಾಗಿ ಅಲ್ಲಿಗೆ ಎಳೆಯಬೇಡಿ, ತಲೆ ಆ ಕಡೆಗೆ ಬಾಗುತ್ತದೆ. ಕೊಯ್ಯುವ ಮರದ ಬುಡಕ್ಕೆ ಇನ್ನೊಂದು ರಾಟೆ ಕಟ್ಟಿ, ಹಗ್ಗವನ್ನು ನೆಟ್ಟಗೆ ಕೆಳಗೆ ತಂದು ಅಲ್ಲಿಂದ ಪಕ್ಕಕ್ಕೆ ತಿರುಗಿಸಿ. ಮೂಲೆ ತಿರುಗುವ ಆ ರಾಟೆಗೆ ಭಾರದ ಸುಮಾರು ಒಂದೂವರೆ ಪಟ್ಟು ಬೀಳುತ್ತದೆ. ಆ ಮೂಲೆಯ ಒಳಬದಿಯಲ್ಲಿ ಯಾರೂ ನಿಲ್ಲಬಾರದು. ಪಟ್ಟಿ ಕಿತ್ತರೆ ರಾಟೆ ಹಾರುವುದು ಅಲ್ಲಿಗೇ.

ಮುಟ್ಟಬಾರದ್ದು

ಇಲ್ಲಿಗೆ ಬಂದವರಿಗೆಲ್ಲ ಒಂದು ಆಸೆ ಹುಟ್ಟುತ್ತದೆ. ಡ್ರಮ್ಮಿಗೆ ಇನ್ನೊಂದು ಕಂಬಿ ವೆಲ್ಡ್ ಮಾಡಿಸೋಣ, ಒಂದು ತೂತು ಕೊರೆಸೋಣ ಅಂತ. ನನಗೂ ಹುಟ್ಟಿತ್ತು. ಡ್ರಮ್ ಬರುವುದಕ್ಕೆ ಮುಂಚೆ ಪೇಟೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಜಿಐ ಪೈಪಿಗೆ ಬಳೆ ಹಚ್ಚಿಸಿ ನಾನೇ ಒಂದು ಮಾಡಿಸಿದ್ದೆ. ನೋಡಲು ಲಕ್ಷಣವಾಗಿತ್ತು. ಮರಕ್ಕೆ ಕಟ್ಟುವ ಮೊದಲು ಪುಣ್ಯಕ್ಕೆ ಜೀಪಿನಿಂದ ಎಳೆದು ನೋಡಿದೆವು. ಬಳೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಎರಡನೇ ಎಳೆತಕ್ಕೆ ಬಳೆ ಕಿತ್ತು ಬಂತು.

ಕಾರ್ಖಾನೆಯ ಅಲ್ಯೂಮಿನಿಯಂ ಡ್ರಮ್ಮಿಗೆ ವೆಲ್ಡಿಂಗ್ ಇನ್ನೂ ಕೆಟ್ಟದ್ದು. ಕಾಯಿಸಿ ಹದ ಮಾಡಿದ ಲೋಹ ಅದು. ಮತ್ತೆ ಕಾಯಿಸಿದರೆ ಆ ಜಾಗದ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆದ್ದರಿಂದ ವೆಲ್ಡಿಂಗ್ ಇಲ್ಲ, ತೂತು ಇಲ್ಲ, ಹಿಡಿತ ಬರಲೆಂದು ಗ್ರೈಂಡರಿನಲ್ಲಿ ಒರಟು ಮಾಡುವುದೂ ಇಲ್ಲ. ಒರಟು ಮಾಡಿದ ಮೈ ಹಗ್ಗವನ್ನು ಅರದಂತೆ ತಿನ್ನುತ್ತದೆ. ಹಿಡಿತ ಬೇಕಾದರೆ ಸುತ್ತು ಹಾಕಿ. ಕಿತ್ತುಹೋದ ಬೋಲ್ಟಿನ ಜಾಗಕ್ಕೆ ಅಂಗಡಿಯ ಯಾವುದೋ ಬೋಲ್ಟ್ ಹಾಕಬೇಡಿ, ತಲೆಯ ಮೇಲೆ 8.8 ಅಂತ (ಅದು ಬಲದ ದರ್ಜೆ) ಇದ್ದದ್ದಕ್ಕೆ 8.8ನ್ನೇ ಹಾಕಿ. ಬದಲಾಯಿಸಬಹುದಾದದ್ದು ಪಟ್ಟಿ, ಹಗ್ಗ, ರಾಟೆ, ಕೂರಿಸುವ ಜಾಗ, ಬಣ್ಣದ ಗುರುತು. ಇಷ್ಟೇ.

ಪರೀಕ್ಷೆ

ಹೊಸ ಸೆಟ್ಟನ್ನು ಮನೆ ಮೇಲಿನ ಕೊಂಬೆಯಲ್ಲಿ ಮೊದಲ ಬಾರಿ ಬಳಸಬೇಡಿ. ತೋಟದ ನಡುವೆ ಒಂದು ಗಟ್ಟಿ ಮರಕ್ಕೆ ರಾಟೆ ಕಟ್ಟಿ, ಸುತ್ತಮುತ್ತ ಯಾರೂ ಇಲ್ಲದಂತೆ ಮಾಡಿ. 50 ಕೆಜಿಯ ಒಂದು ಗೊಬ್ಬರದ ಚೀಲ ಎತ್ತಿ. ಚೀಲದ ತೂಕ ಗೊತ್ತಿರುತ್ತದೆ ಅನ್ನುವುದೇ ಅದರ ಲಾಭ. ಮೂರು ಸುತ್ತು ಹಾಕಿ, ನೆಲದಿಂದ ಒಂದು ಮೀಟರ್ ಮೇಲೆ ನಿಲ್ಲಿಸಿ. ನಿಧಾನಕ್ಕೆ ಬಿಡಿ. ಇಳಿಯದಿದ್ದರೆ ಎರಡು ಸುತ್ತು. ಆಮೇಲೆ ಎರಡು ಚೀಲ. ಆಮೇಲೆ ಹಗ್ಗಕ್ಕೆ ಒಂದು ಕೊಡ ನೀರು ಸುರಿದು ಎಲ್ಲ ಮತ್ತೊಮ್ಮೆ. ಒದ್ದೆಯಲ್ಲಿ ಬಂದ ಸುತ್ತಿನ ಲೆಕ್ಕವನ್ನೇ ಡ್ರಮ್ಮಿನ ತುದಿಯಲ್ಲಿ ಬಣ್ಣದಲ್ಲಿ ಬರೆಯಿರಿ. ನನ್ನದರಲ್ಲಿ ಬರೆದಿರುವುದು 50ಕ್ಕೆ 2, 100ಕ್ಕೆ 3. ನಿಮ್ಮದರಲ್ಲಿ ಬೇರೆ ಬರಬಹುದು.

ಸುತ್ತುಗಳನ್ನು ಕೊಯ್ಯುವ ಮೊದಲೇ ಹಾಕಿರಬೇಕು. ಅನುಮಾನ ಇದ್ದರೆ ಒಂದು ಹೆಚ್ಚು. ಭಾರ ಬಿದ್ದ ಮೇಲೆ ಒಂದು ಸುತ್ತು ತೆಗೆಯಬಹುದು, ಸೇರಿಸಲು ಹೋದವನ ಬೆರಳು ಡ್ರಮ್ಮಿಗೆ ಸಿಕ್ಕುತ್ತದೆ.

ಕೆಲಸದ ದಿನ

ಕೊಂಬೆಗೆ ಜೀರುಗುಣಿಕೆ, ಅದರಿಂದ ಒಂದಡಿ ಬಿಟ್ಟು ಒಂದು ಅರ್ಧ ಗಂಟು (ಕೊಂಬೆ ಸುತ್ತಿ ಬಂದ ಹಗ್ಗ ತನ್ನಡಿಯಲ್ಲೇ ನುಸುಳುವಂಥದ್ದು). ಎರಡು ಕಡೆ ಹಿಡಿದರೆ ಕೊಂಬೆ ಕುಣಿಕೆಯಿಂದ ಜಾರುವುದಿಲ್ಲ. ಕೊಯ್ಯುವ ಮೊದಲು ಸಡಿಲವನ್ನೆಲ್ಲ ಎಳೆದುಕೊಳ್ಳಿ. ಹಿಡಿಯುವವನಿಗೆ ಚರ್ಮದ ಗ್ಲೌಸು, ತಲೆಗೆ ಹೆಲ್ಮೆಟ್. ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಲೇಬಾರದು. ಮಿಕ್ಕ ಹಗ್ಗ ಕಾಲಿನ ಹತ್ತಿರ ಸುರುಳಿ ಬಿದ್ದಿರಬಾರದು. ನಾವು ಅದನ್ನು ಒಂದು ಕುಕ್ಕೆಗೆ ತುಂಬುತ್ತೇವೆ. ಕುಕ್ಕೆಯಿಂದ ಹಗ್ಗ ತಾನಾಗಿ ಬರುತ್ತದೆ.

ಕೊಂಬೆ ಕಳಚಿದ ಕೂಡಲೇ ಗಕ್ಕನೆ ಹಿಡಿಯಬೇಡಿ. ಕೆಳಗೆ ಜಾಗ ಇದ್ದಷ್ಟು ಓಡಲು ಬಿಟ್ಟು, ಬಸ್ಸಿನ ಬ್ರೇಕ್ ಒತ್ತಿದಂತೆ ಮೆಲ್ಲಗೆ ನಿಲ್ಲಿಸಿ. ನುರಿತ ಡ್ರೈವರ್ ನಿಲ್ಲಿಸಿದ್ದು ಗೊತ್ತೇ ಆಗುವುದಿಲ್ಲ ನೋಡಿ, ಹಾಗೆ.

ಇನ್ನು ಕೂಗು. ಮೇಲಿನವನು "ಹಿಡಿ" ಅಂದರೆ ನಮ್ಮ ಕಡೆ ಬಾಯಲ್ಲಿ ಬರುವುದು "ಇಡಿ". ಗರಗಸದ ಸದ್ದಿನಲ್ಲಿ ಅದು ಕೆಳಗೆ "ಇಳಿ" ಅಂತ ಕೇಳುತ್ತದೆ. "ಬೇಡ" ಅಂದದ್ದು "ಬಿಡು" ಅಂತ ಕೇಳುತ್ತದೆ. ಅರ್ಥ ಪೂರಾ ಉಲ್ಟಾ. ಒಮ್ಮೆ ಹೀಗಾಗಿ ಏಣಿಯ ಮೇಲೇ ಕೊಂಬೆ ಇಳಿಸಿದ್ದೆವು. ಈಗ ನಮ್ಮಲ್ಲಿ ಎರಡೇ ಮಾತು: "ಸ್ಟಾಪ್", "ಲೂಸ್". ಕೆಳಗಿನವನು ಅದನ್ನೇ ತಿರುಗಿ ಕೂಗುವವರೆಗೂ ಮೇಲಿನವನು ಗರಗಸ ಒತ್ತುವುದಿಲ್ಲ.

ಸಂಜೆ ಹಗ್ಗವನ್ನು ಬರಿಗೈಯಲ್ಲಿ ಪೂರ್ತಿ ಎಳೆದು ನೋಡಿ. ಗಾಜಿನಂತೆ ನುಣುಪಾದ, ಬಿರುಸಾದ ಜಾಗ ಸಿಕ್ಕರೆ ಅಲ್ಲಿ ಕರಗಿದೆ ಅಂತ ಅರ್ಥ. ಚಪ್ಪಟೆಯಾದ ಕಡೆ ಒಳಗಿನ ಎಳೆ ಹರಿದಿರುತ್ತದೆ. ಮಣ್ಣಾಗಿದ್ದರೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಗರಗಸದ ಎಣ್ಣೆ, ಸ್ಪ್ರೇ ಔಷಧಿಯ ಜೊತೆ ಒಂದೇ ಕೋಣೆಯಲ್ಲಿ ಇಡಬೇಡಿ. ಹಾಳಾದ ಹಗ್ಗವನ್ನು ಎರಡೆರಡು ಮೀಟರಿಗೆ ಕತ್ತರಿಸಿ ಹಾಕಿ. ಉದ್ದ ಹಗ್ಗ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ ಮುಂದಿನ ವರ್ಷ ಯಾರಾದರೂ ಅದನ್ನೇ ತೆಗೆದುಕೊಂಡು ಮರ ಹತ್ತುತ್ತಾರೆ. ಎರಡು ಮೀಟರಿನದು ಕರು ಕಟ್ಟಲು ಆಗುತ್ತದೆ.